ಬೆನ್ನು ಹಸಿರಾದ ಅಂಗಿ

ಲೊರೇನ್ ವೊಯ್ಚಿಕ್ ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡದ ಬಟ್ಟೆ ಒಗೆಯಲು ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ಆರು ಯಂತ್ರ, ಅವಳು ಮತ್ತು ನಾನು. ಉಕ್ಕಿನ ಕಾರ್ಖಾನೆಯ ಕಾರ್ಮಿಕನ ಮಗಳು, ಬಾಯಿ ಸ್ವಲ್ಪ ಒರಟು. ದೊಡ್ಡ ದೊಡ್ಡ ಆಟಗಾರರೂ ಅವಳೆದುರು ಅಮ್ಮಾ ಎಂದೇ ಮಾತಾಡುತ್ತಿದ್ದರು.

ಆಟ ಅವಳಿಗೆ ಬಟ್ಟೆಯಲ್ಲೇ ಕಾಣುತ್ತಿತ್ತು. ಚೆಂಡು ಅವಚಿಕೊಂಡು ಓಡುವವನಿಗೆ ದಾರಿ ಬಿಡಿಸಲು ಮುಂದೆ ಐವರು ದೈತ್ಯರು ನಿಲ್ಲುತ್ತಾರಲ್ಲ, ಅವರ ಅಂಗಿಯ ಎದೆ ಹುಲ್ಲಿನ ಕಲೆಯಿಂದ ಹಸಿರಾಗಿದ್ದರೆ ಎದುರಾಳಿಯನ್ನು ಕೆಡವಿ ಮೇಲೆ ಬಿದ್ದಿದ್ದಾರೆ ಎಂದರ್ಥ. ಬೆನ್ನು ಹಸಿರಾಗಿದ್ದರೆ ತಾವೇ ಅಂಗಾತ ಬಿದ್ದಿದ್ದಾರೆ.

ಆ ವರ್ಷ ನಮ್ಮವರ ಓಟ ನೆಲಕಚ್ಚಿತ್ತು. ಓಟಗಾರ ಕ್ವಿಂಟನ್ ಮೇಬ್ರಿ ಎರಡು ಹೆಜ್ಜೆ ಇಡುವಷ್ಟರಲ್ಲಿ ನಾಲ್ಕು ಜನ ಅವನ ಮೇಲಿರುತ್ತಿದ್ದರು. ರೇಡಿಯೋದಲ್ಲಿ ಬಾಯಿ ಹರಿಬಿಡುವವರೆಲ್ಲ ಆ ಇಪ್ಪತ್ತನಾಲ್ಕರ ಹುಡುಗನ ಕಾಲಲ್ಲಿ ಕಸುವಿಲ್ಲ ಎಂದರು. ತಾವು ಮೆಟ್ಟಿಲು ಹತ್ತಿ ಎಷ್ಟು ವರ್ಷವಾಯಿತೋ! ಬರುವ ಭಾನುವಾರವೂ ಹೀಗೇ ಆದರೆ ಅವನನ್ನು ತಂಡದಿಂದ ಕೈಬಿಡುತ್ತೇವೆ ಎಂದು ತರಬೇತುದಾರ ಪತ್ರಿಕೆಯವರಿಗೆ ಹೇಳಿಬಿಟ್ಟ.

ಲೊರೇನ್‌ಗೆ ನಿಜ ಗೊತ್ತಿತ್ತು. ಐವರಲ್ಲಿ ಒಬ್ಬ ಗ್ರೇಡನ್ ಸ್ಟೋಲ್ಟ್, ತಂಡದಲ್ಲಿ ಹನ್ನೊಂದು ವರ್ಷ ಆಡಿದವನು. ವಾರ ವಾರವೂ ಅವನ ಅಂಗಿಯ ಬೆನ್ನೇ ಹಸಿರು. ಅವನ ಚಡ್ಡಿಯೊಳಗೆ ಸುತ್ತಿಕೊಂಡು ಒಂದು ಮಂಡಿಪಟ್ಟಿಯೂ ಬರುತ್ತಿತ್ತು, ತಂಡದ ವೈದ್ಯರು ಕಟ್ಟಿದ್ದಲ್ಲ, ಮನೆಯಲ್ಲಿ ಕದ್ದು ಕಟ್ಟಿಕೊಂಡಿದ್ದು. ಬಟ್ಟೆಯಲ್ಲಿ ಏನು ಸಿಕ್ಕರೂ ಒಗೆದು ಮರಳಿಸುವುದು, ಬಾಯಿ ಬಿಡದಿರುವುದು ನೆಲಮಾಳಿಗೆಯ ಕಟ್ಟಳೆ. ಐದು ವಾರ ಅವಳು ಆ ಪಟ್ಟಿಯನ್ನು ಒಗೆದು, ಮಡಿಸಿ, ಅವನ ಕಪಾಟಿನಲ್ಲಿಟ್ಟಳು. ನಾನೂ ನೋಡಿ ಸುಮ್ಮನಿದ್ದೆ. ಅದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

ದಾರಿ ಬಿಡಿಸುವ ಐವರಿಗೆ ಓಟಗಾರ ಗುರುವಾರ ಸಂಜೆ ಊಟ ಹಾಕಿಸುವುದು ವಾಡಿಕೆ. ದಾರಿಯೇ ಸಿಗದ ಆ ವರ್ಷವೂ ಮೇಬ್ರಿ ಒಂದು ವಾರ ತಪ್ಪಿಸಲಿಲ್ಲ. ಆ ಗುರುವಾರವೂ ಹಾಕಿಸಿದನೆಂದು ಕೇಳಿ ಲೊರೇನ್‌ಗೆ ತಡೆಯಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಗ್ರೇಡನ್‌ನನ್ನು ಕೆಳಗೆ ಕರೆಸಿ ಪಟ್ಟಿಯನ್ನು ಕೈಗೇ ಕೊಟ್ಟಳು.

"ಇನ್ನು ಇದನ್ನ ಒಗೆಯಲ್ಲ ನಾನು."

ಅವನಿಗೆ ತಕ್ಷಣ ಅರ್ಥವಾಯಿತು. "ಒಂದ್ಸಲ ಹೊರಗೆ ಹೋದ್ರೆ ಮತ್ತೆ ನನ್ನ ಒಳಗೆ ಬಿಟ್ಕೊಳಲ್ಲಮ್ಮಾ. ಮೂವತ್ಮೂರಾಯ್ತು ನಂಗೆ."

"ನಿನ್ನೆ ಆ ಹುಡುಗ ಬಡಿಸಿದ್ದನ್ನ ಉಂಡ್ಯಲ್ಲೋ, ಗಂಟ್ಲಲ್ಲಿ ಹೆಂಗಿಳೀತು? ನಾನು ಯಾರಿಗೂ ಹೇಳಲ್ಲ. ಹೇಳೋದಾದ್ರೆ ನೀನೇ ಹೇಳ್ಬೇಕು."

ಅವನು ಮೆಟ್ಟಿಲು ಹತ್ತಿದ. ಕುಂಟುವುದನ್ನು ಅಂದು ಮುಚ್ಚಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಅವನೇ ವೈದ್ಯರ ಬಳಿ ಹೋಗಿದ್ದ, ಮಂಡಿಯೊಳಗಿನ ಅಸ್ಥಿರಜ್ಜು ಹರಿದುಹೋಗಿತ್ತು, ಅವನ ಆಟ ಅಲ್ಲಿಗೆ ಮುಗಿದಿತ್ತು. ಲೊರೇನ್ ಆ ದಿನ ಊಟ ಮುಟ್ಟಲಿಲ್ಲ.

ಭಾನುವಾರ ಗ್ರೇಡನ್ ಊರುಗೋಲು ಹಿಡಿದು ಮೈದಾನದ ಗೆರೆಯಾಚೆ ನಿಂತ. ಅವನ ಜಾಗದಲ್ಲಿ ಹೊಸಬ ನಿಂತ. ಮೇಲೆ ಜನ ಕೂಗಿದರೆ ನಮ್ಮ ಕೊಳಾಯಿಗಳು ನಡುಗುತ್ತವೆ. ಅಂದು ಮತ್ತೆ ಮತ್ತೆ ನಡುಗಿದವು. ಏನಾಯಿತೋ ನೋಡಿಬರೋಣ ಬಾ ಎಂದೆ. ಲೊರೇನ್ ಯಂತ್ರದ ಮುಂದಿನಿಂದ ಏಳಲಿಲ್ಲ. ಮೇಬ್ರಿ ಉಳಿದರೂ ಗ್ರೇಡನ್ ಹೋದನಲ್ಲ, ಯಾವ ಮುಖ ಹೊತ್ತು ಹೋಗಿ ನೋಡಲಿ ಎಂದಳು.

ಪಂದ್ಯ ಮೂರು ಅಂಕದಿಂದ ಕೈತಪ್ಪಿತು. ಆದರೆ ಮೇಬ್ರಿ ನೂರಮೂವತ್ತು ಗಜ ಓಡಿದ್ದ, ಆ ವರ್ಷದಲ್ಲೇ ಅತಿ ಹೆಚ್ಚು. ಅವನನ್ನು ಕೈಬಿಡುವ ಮಾತು ಅಲ್ಲಿಗೇ ನಿಂತಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಬೈಯಲು ಬಂದನೆಂದುಕೊಂಡು ಲೊರೇನ್ ಎದ್ದು ನಿಂತಳು. ಕೂಗಿ ಕೂಗಿ ಗ್ರೇಡನ್‌ನ ಗಂಟಲು ಕಟ್ಟಿಹೋಗಿತ್ತು.

"ಹುಡುಗ ನನ್ ಜಾಗದಿಂದ್ಲೇ ನುಗ್ಗಿದ ಕಣಮ್ಮಾ. ನೋಡಿದ್ಯಾ?"

"ನೋಡ್ದೆ ಮಗಾ," ಎಂದಳು ಲೊರೇನ್.