ತಾಲೀಮಿನಲ್ಲಿ ಇರದ ಪ್ರಶ್ನೆ

ಕೊರೋನಾ ಕಳೆದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ಗುಡೂರಿನ ನಮ್ಮ ಶಾಲೆಯಲ್ಲಿ ಸುತ್ತಲಿನ ಊರುಗಳ ಶಿಕ್ಷಕರ ಸಭೆ ಇತ್ತು. ಮಕ್ಕಳೇ ಪ್ರಶ್ನೆ ಕೇಳಿ ಕಲಿಯುವಂಥ ವಿಜ್ಞಾನ ಪಾಠವನ್ನು ಎಲ್ಲರೆದುರು ಮಾಡಿ ತೋರಿಸುವ ಸರದಿ ನನ್ನದು.

ಕುಕ್ಕರ್ ಸೀಟಿ ಹೊಡೆದರೂ ಎದೆ ಹಿಡಿದುಕೊಳ್ಳುವ ಮನುಷ್ಯ ನಾನು. ಮಕ್ಕಳು ಏನು ಕೇಳಿಬಿಡುತ್ತಾರೋ ಎಂಬ ಭಯಕ್ಕೆ, ಯಾರು ಯಾವ ಪ್ರಶ್ನೆ ಕೇಳಬೇಕೆಂದು ಹಿಂದಿನ ದಿನವೇ ಹಂಚಿ, ಉತ್ತರಗಳನ್ನೂ ಬಾಯಿಪಾಠ ಮಾಡಿಸಿದ್ದೆ.

ಪಾಠ ಶುರುವಾಯಿತು. ನೀರಿನ ಲೋಟಕ್ಕೆ ಸುರಿಯಲೆಂದು ನಾನಿನ್ನೂ ಎಣ್ಣೆ ಬಾಟಲಿಯ ಮುಚ್ಚಳ ತಿರುವುತ್ತಿದ್ದೆ. ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ಮುಂದಿನ ಸಾಲಿನ ಬಸು ಎದ್ದು, "ಎಣ್ಣಿ ಹಗುರ ಐತ್ರಿ, ಅದಕ್ಕ ನೀರಿನ ಮ್ಯಾಲ ತೇಲತೈತ್ರಿ" ಎಂದುಬಿಟ್ಟ. ಹಿಂದೆ ಕುಳಿತಿದ್ದ ಶಿಕ್ಷಕರೆಲ್ಲ ನಕ್ಕರು. ಪಾಠ ನೋಡಲು ಕೆರೂರಿನಿಂದ ಬಂದಿದ್ದ, ಶಿಕ್ಷಕರಿಗೆ ತರಬೇತಿ ಕೊಡುವ ಮೇಡಂ ಮಾತ್ರ ನಗಲಿಲ್ಲ. "ತಾಲೀಮು ಚಲೋ ಆಗೇತ್ರಿ ಸರ್. ಇನ್ನ ಪಾಠ ಶುರು ಮಾಡ್ರಿ" ಎಂದರು.

ಆಗ ನಾನು ಯಾವ ಪ್ರಶ್ನೆಯನ್ನೂ ಕೊಡದಿದ್ದ ಮಾಳವ್ವ ಹಿಂದಿನಿಂದ ಎದ್ದಳು. ಅವರ ಮನೆಯಲ್ಲಿ ಕುರಿ ಸಾಕುತ್ತಾರೆ.

"ಸರ್, ಮಳ್ಯಾಗ ನಮ್ಮಜ್ಜನ ಕಂಬಳಿ ಮ್ಯಾಲ ನೀರು ಜಾರತೈತಿ. ನನ್ನ ಅಂಗಿ ಲಗೂನ ತೋಯ್ತೈತಿ. ಯಾಕ್ರಿ?"

ನನಗೆ ಗೊತ್ತಿರಲಿಲ್ಲ. 'ಕುಂದ್ರವ್ವಾ' ಎಂಬ ಮಾತು ತುಟಿಯವರೆಗೆ ಬಂದಿತ್ತು. ಅಂದಿದ್ದರೆ ಆ ಹುಡುಗಿ ಪ್ರಶ್ನೆ ಕೇಳಲು ಮತ್ತೆಂದೂ ಏಳುತ್ತಿರಲಿಲ್ಲ. ಅಷ್ಟರಲ್ಲಿ ಮೇಡಂ ಮಕ್ಕಳ ಹಾಗೆ ಕೈ ಎತ್ತಿದರು.

"ನನಗೂ ಗೊತ್ತಿಲ್ರಿ ಸರ್. ಹೆಂಗ ತಿಳ್ಕೊಳ್ಳೋಣು?" ಎನ್ನುತ್ತ ಬಂದು ಮಾಳವ್ವನ ಪಕ್ಕ ನೆಲದ ಮೇಲೆ ಕುಳಿತರು.

ಇಷ್ಟು ವರ್ಷದ ನೌಕರಿಯಲ್ಲಿ ಮೊದಲ ಸಲ ನಾನೂ "ನನಗೂ ಗೊತ್ತಿಲ್ಲ" ಎಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಹತ್ತಿರದಲ್ಲೇ ಇದ್ದ ಮಾಳವ್ವನ ಮನೆಯಿಂದ ಕಂಬಳಿ ಬಂತು. ಅದರ ಮೇಲೆ ಹನಿ ಹಾಕಿದರೆ ಸಾಬೂದಾನಿಯಂತೆ ಗುಂಡಗೆ ನಿಂತಿತು. ಬಸು ಸ್ವಲ್ಪ ಹೊತ್ತು ಮುಟ್ಟಿ ನೋಡಿ, ಇದರಲ್ಲೂ ಎಣ್ಣೆಯ ಜಿಡ್ಡು ಇರಬೇಕು, ಸೋಪು ಹಚ್ಚಿ ನೋಡೋಣ ಎಂದ. ಇದನ್ನು ಅವನಿಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ. ಮಕ್ಕಳು ಒಂದು ಮೂಲೆ ತೊಳೆದು ಬಿಸಿಲಿಗೆ ಹಾಕಿದರು. ಊಟವಾದ ಮೇಲೆ ಅಲ್ಲಿ ಹನಿ ಬಿಟ್ಟರೆ ಹೀರಿಕೊಂಡುಬಿಟ್ಟಿತು. ಮಕ್ಕಳು ಕುಣಿದಾಡಿದರು. ನಾನು, ಇನ್ನು ಆ ಅಜ್ಜನಿಗೆ ಏನು ಹೇಳಲಿ ಎಂದು ಬೆವರುತ್ತ ನಿಂತಿದ್ದೆ.

ಸಂಜೆ ಮೇಡಂ ಅವರನ್ನು ಬಸ್ಸಿಗೆ ಕಳಿಸಲು ಹೋದಾಗ ತಡೆಯಲಾರದೆ ಕೇಳಿದೆ, "ಖರೇನ ನಿಮಗ ಗೊತ್ತಿರಲಿಲ್ಲೇನ್ರಿ?"

"ಅದನ್ನೂ ನೀವ ಹುಡುಕ್ರಿ ಸರ್" ಎಂದು ಬಸ್ ಹತ್ತಿದರು.

ಇನ್ನೂ ಹುಡುಕುತ್ತಿದ್ದೇನೆ. ಅಂದು ಅವರು ಎತ್ತಿದ ಕೈ ನನ್ನನ್ನೂ ಕಾಪಾಡಿತು, ಮಾಳವ್ವನ ಪ್ರಶ್ನೆಯನ್ನೂ ಕಾಪಾಡಿತು. ಈಗ ತರಗತಿಯಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ, ಎದೆ ಹೊಡೆದುಕೊಳ್ಳುತ್ತಿದ್ದರೂ ಮೊದಲು ಕೈ ಎತ್ತುವವನು ನಾನೇ.