ಹಳದಿ ಓಣಿಯ ಮಗ್ಗಗಳು

ಗಡಹಿಂಗ್ಲಜದ ನಮ್ಮ ಮನೆಯ ಪಡಸಾಲೆಗೆ ಯಾವ ಬಣ್ಣ ಬಳಿಸಬೇಕೆಂಬ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಒಂದು ದೀಪಾವಳಿಯಿಂದ ಇನ್ನೊಂದು ದೀಪಾವಳಿಯವರೆಗೆ ಸೌಹಾರ್ದಯುತ ಭಿನ್ನಾಭಿಪ್ರಾಯ ನಡೆಯಿತು. ಅಷ್ಟರಲ್ಲಿ ಊರಿನ ಯೋಜನೆ ಹಾಕುವವರು ನಕ್ಷೆಯ ಮೇಲೆ ಇಡೀ ಊರಿಗೇ ಬಣ್ಣ ಬಳಿದು ಮುಗಿಸಿದ್ದರು. ಜನ ವಾಸಿಸುವ ಜಾಗಕ್ಕೆ ಹಳದಿ, ಕಾರ್ಖಾನೆಗಳಿಗೆ ನೇರಳೆ, ಬೇಸಾಯಕ್ಕೆ ಹಸಿರು. ಊರಾಚೆಯ ನನ್ನ ತುಂಡು ಭೂಮಿ ಹಸಿರಿನಲ್ಲಿ ಬಿತ್ತು. ಅಲ್ಲಿ ಮನೆ ಕಟ್ಟುವಂತಿಲ್ಲ, ಕೊಟ್ಟಿಗೆ ಕಟ್ಟಬಹುದು. ಆಕಳ ಹತ್ತಿರ ಸುಳಿಯಲೂ ಅಂಜುವ ನಾನು ಕೊಟ್ಟಿಗೆ ಕಟ್ಟಿಸಿ, ಫ್ಯಾನು ಹಾಕಿಸಿ, ಮಧ್ಯಾಹ್ನ ಅದರಲ್ಲಿ ಅಡ್ಡಾಗಿ ಪತ್ರಿಕೆ ಓದುತ್ತೇನೆ. ಸರಕಾರದ ದೃಷ್ಟಿಯಲ್ಲಿ ನಾನೀಗ ಚತುಷ್ಪಾದಿ. ಪಿಂಚಣಿ ಮಾತ್ರ ಇನ್ನೂ ಬರುತ್ತಿದೆ.

ಇಚಲಕರಂಜಿಯ ನನ್ನ ಅಕ್ಕನಿಗೆ ಈ ವರ್ಣವ್ಯವಸ್ಥೆ ಇಷ್ಟು ವಿನೋದವಾಗಿ ಉಳಿಯಲಿಲ್ಲ. ಕೆಳಗೆ ಮಗ್ಗ, ಮೇಲೆ ಮನೆ ಎಂಬುದೇ ಆ ಊರಿನ ವಾಸ್ತುಶಾಸ್ತ್ರ. ವಿದ್ಯುತ್ ಮಗ್ಗಗಳ ಖಟಖಟದಲ್ಲೇ ಕೂಸುಗಳು ನಿದ್ದೆ ಹೋಗುತ್ತವೆ. ಕರೆಂಟು ಹೋಗಿ ಸದ್ದು ನಿಂತರೆ ಎಚ್ಚೆತ್ತು ಅಳುತ್ತವೆ. ಭಾವ ತೀರಿಕೊಂಡ ಮೇಲೆ ಮನೆಯ ಮಗ್ಗಗಳನ್ನು ಅಕ್ಕ ತಾನೇ ನಡೆಸಿದಳು. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಸಂಜೆಯ ಊಟ ಮುಗಿಯಬೇಕು. ಇಳಿಹೊತ್ತಿಗೆ ಮೇಲೆ ಹತ್ತಿ ರೊಟ್ಟಿ ಬಡಿಯುತ್ತ, ಕೆಳಗೊಂದು ಮಗ್ಗ ನಿಂತಿತೆಂದರೆ ಕೈ ಒರೆಸಿಕೊಂಡು ಇಳಿದು, ಹರಿದ ಎಳೆಗೆ ಗಂಟು ಹಾಕಿ ಬರುತ್ತಿದ್ದಳು.

ಅವಳ ಊರಿಗೂ ಬಂದ ಇಂಥದೇ ಹೊಸ ನಕ್ಷೆಯಲ್ಲಿ ಅವಳ ಓಣಿ ಹಳದಿಯಾಯಿತು. ಹಳದಿಯಲ್ಲಿ ಮಗ್ಗ ಓಡಿಸುವಂತಿಲ್ಲ, ಊರಾಚೆಯ ನೇರಳೆಗೆ ಒಯ್ಯಬೇಕು. ಆಕ್ಷೇಪಣೆ ಕೇಳಲು ಕೊಲ್ಹಾಪುರಕ್ಕೆ ಕರೆದರು. ನಾನು ಸಂಸ್ಕೃತಭೂಯಿಷ್ಠವಾದ ಭಾಷಣವೊಂದನ್ನು ಸಿದ್ಧಪಡಿಸಿಕೊಂಡು ಜೊತೆಗೆ ಹೋದೆ. ಅಧಿಕಾರಿ ನಮ್ಮ ಗಡಿಯ ಕಡೆಯವರೇ, ಸಜ್ಜನರು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅಕ್ಕ ಶುರುಮಾಡಿಯೇ ಬಿಟ್ಟಿದ್ದಳು.

"ಮಗ್ಗ ಒಯ್ತೀನ್ರಿ ಸಾಹೇಬ್ರ. ಒಲಿನೂ ಅಲ್ಲೇ ಹೂಡ್ಲೇನ್ರಿ?"

"ಇಲ್ರೀ ಅಕ್ಕಾರ, ಅಲ್ಲಿ ಮನಿ ಮಾಡಾಕ ಪರವಾನಗಿ ಇಲ್ಲ."

"ಇಲ್ಲಿ ಮಗ್ಗ ಬ್ಯಾಡ, ಅಲ್ಲಿ ಒಲಿ ಬ್ಯಾಡ. ಎರಡೂ ಮಾಡಾಕಿ ನಾ ಒಬ್ಬಾಕಿನ ಅದೀನ್ರಿ. ನಾ ಎಲ್ಲಿರ್ಲಿ?"

ಸಾಹೇಬರು ನಕ್ಷೆಯ ಮೇಲೆ ಹಳದಿಯಿಂದ ನೇರಳೆಯವರೆಗೆ ಬೆರಳಾಡಿಸಿದರು. "ಖರೇ ಐತ್ರಿ. ಆದ್ರ ಅಂಥಾ ಬಣ್ಣ ನಮ್ಮ ಹತ್ರ ಇಲ್ಲ," ಎಂದರು. ಅವರ ದನಿಯಲ್ಲಿ ನಿಜವಾದ ವ್ಯಥೆಯಿತ್ತು. ವ್ಯಥೆಯಿಂದ ನಕ್ಷೆ ಬದಲಾದ ಉದಾಹರಣೆ ನೀವು ಕಂಡಿದ್ದರೆ ನನಗೂ ತಿಳಿಸಿ.

ನೇರಳೆಯಲ್ಲಿ ಸ್ವಂತ ಶೆಡ್ಡು ಹಾಕುವ ಶಕ್ತಿ ಅಕ್ಕನಿಗೆಲ್ಲಿ ಬರಬೇಕು? ಶೆಡ್ಡಿದ್ದವರೊಬ್ಬರಿಗೆ ಮಗ್ಗ ಮಾರಿ, ಅವೇ ಮಗ್ಗಗಳ ಮುಂದೆ ಈಗ ಕೂಲಿಗೆ ನಿಲ್ಲುತ್ತಾಳೆ. ಓಣಿ ನಕ್ಷೆ ಬಯಸಿದಂತೆ ಶಾಂತವಾಗಿದೆ.

ಹೋದ ತಿಂಗಳು ಅವಳನ್ನು ಕಾಣಲು ಸಂಜೆ ಶೆಡ್ಡಿಗೇ ಹೋದೆ. ಒಳಗೆ ನೂಲಿನ ಧೂಳು ಊಟದಲ್ಲಿ ಬೀಳುತ್ತದೆಂದು ಅವಳು ಹೊರಗೆ, ರಸ್ತೆಯಂಚಿನ ಮೋರಿಯ ಕಟ್ಟೆಯ ಮೇಲೆ ಕೂತು, ಮುಳುಗುವ ಸೂರ್ಯನ ಮೇಲೊಂದು ಕಣ್ಣಿಟ್ಟು ಅವಸರದಲ್ಲಿ ಡಬ್ಬಿ ಉಣ್ಣುತ್ತಿದ್ದಳು. ನನ್ನನ್ನು ಕಂಡು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

"ಕುಂದರೋ ತಮ್ಮಾ. ನಕ್ಷೆದಾಗ ರಸ್ತಾಕ್ಕ ಬಣ್ಣಾ ಹಚ್ಚಿಲ್ಲ, ಇಲ್ಲಿಂದ ಯಾರೂ ಎಬ್ಬಸೂದಿಲ್ಲ."