ಮಾಸ್ತರರು ಸೀಟಿ ಊದಿದ ಪ್ರವಾಸ

1991ರಲ್ಲಿ, ಏಳನೇ ಇಯತ್ತೆಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ನಪಾಸಾಗಿ ಬಿಟ್ಟಿದ್ದಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಆರು ತಿಂಗಳ ಪರೀಕ್ಷೆಯಲ್ಲಿ ನಾನು ವರ್ಗಕ್ಕೆ ಎರಡನೆಯವನು. ಆ ಸುಗ್ಗಿಯಲ್ಲಿ ಕಬ್ಬಿನ ಗಾಡಿ ಮಗುಚಿ ಅಪ್ಪನ ಕಾಲು ಮುರಿಯಿತು. ಮನೆಯಲ್ಲಿ ದುಡಿಯುವ ಕೈ ಬೇರೆ ಇರಲಿಲ್ಲ. ಮೇಲವಂಕಿಯಿಂದ ಗೋಕಾಕಿಗೆ ಹೋಗಿ ಮೋಟಾರು ರಿವೈಂಡಿಂಗ್ ಅಂಗಡಿಯೊಂದರಲ್ಲಿ ಸುಟ್ಟ ತಂತಿ ಕೀಳುವ ಕೆಲಸಕ್ಕೆ ನಿಂತೆ. ಹನ್ನೊಂದು ವರ್ಷ ದುಡಿದು, ಕಲಿತು, ಮೂಡಲಗಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಈಗ ಹೊಲದ ಮೋಟಾರು ಸುಟ್ಟರೆ ಜನ "ಶಿವಲಿಂಗಪ್ಪ ಮಿಸ್ತ್ರಿ ಎಲ್ಲಿ" ಅಂತ ಹುಡುಕಿಕೊಂಡು ಬರುತ್ತಾರೆ.

ಬೇಸಿಗೆಯಲ್ಲಿ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ಮಳೆ ಹಿಡಿದು ಮೋಟಾರುಗಳು ನಿಂತರೆ ಮಾತ್ರ ಬಿಡುವು. ಹೋದ ವರ್ಷದ ಹೊತ್ತಿಗೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ಶ್ರಾವಣದ ಬಿಡುವಿನಲ್ಲಿ ಹೆಂಡತಿ ಗಂಗವ್ವನನ್ನು ಕರೆದುಕೊಂಡು ಜೀವನದಲ್ಲಿ ಮೊದಲ ಸಲ ಪ್ರವಾಸ ಹೋಗಬೇಕೆಂದು ನಿಶ್ಚಯ ಮಾಡಿದೆ. ಬಾದಾಮಿ, ಪಟ್ಟದಕಲ್ಲು, ಹಂಪಿ, ಈ ಮೂರು ಹಳೆಯ ಊರು. ಅಲ್ಲಿಂದ ಜೋಗ, ಬರುವಾಗ ಶಿರಸಿಯ ಕಾಡಿನ ದಾರಿ. ಒಟ್ಟು ಆರು ದಿನ.

ಅಂಗಡಿಗೆ ಬಂದ ಗಿರಾಕಿಯೊಬ್ಬ ನಕ್ಕ. "ಗೋಕಾಕದಾಗ ಫಾಲ್ಸ್ ಐತಿ, ಧುಪದಾಳದಾಗ ನೀರು ಧುಮುಕತೈತಿ. ನೀ ನೀರು ನೋಡಾಕ ಜೋಗಕ್ಕ ಹೊಂಟಿ?"

"ನಿನ್ನ ಹೊಲದಾಗೂ ಜ್ವಾಳ ಐತಿ," ಅಂದೆ. "ಮಂದಿ ಹೊಲ ಯಾಕ ನೋಡ್ಕೋತ ನಿಂದಿರ್ತಿ?"

ಗಂಗವ್ವನನ್ನು ಏನೇನು ನೋಡಬೇಕು ಅಂತ ಕೇಳಿದೆ. ಅವಳು ಹೇಳಿದ್ದು ಇಷ್ಟೇ: "ನನಗ ಭಾಳ ನೋಡೂದು ಬ್ಯಾಡ್ರಿ. ಇಷ್ಟು ವರ್ಷ ಎಲ್ಲಿ ಹೋದರೂ ಪಾಳಿ ಹಚ್ಚೂದು, ಕೈ ಮುಗಿಯೂದು, ಗಾಡಿ ಹತ್ತೂದು. ಚಂದ ಇದ್ದಲ್ಲೆ ಸುಮ್ಮನ ಕುಂಡ್ರೂಣು. 'ಏಳ' ಅಂತ ಯಾರೂ ಅನಬಾರದು."

ನಾನು ಮೋಟಾರು ಬಿಚ್ಚುವ ಮೊದಲು ಪುಸ್ತಕದಲ್ಲಿ ಅದರ ನಕ್ಷೆ ಬರೆದುಕೊಳ್ಳುವವನು. ಒಳಗಿನ ಕಬ್ಬಿಣದ ಬಳೆಯಲ್ಲಿ ತಂತಿ ಕೂರಿಸುವ ಸೀಳುಗಳಿರುತ್ತವೆ, ಸ್ಲಾಟ್ ಅನ್ನುತ್ತೇವೆ. ಎಷ್ಟು ಸ್ಲಾಟು, ಒಂದೊಂದರಲ್ಲಿ ಎಷ್ಟು ಸುತ್ತು, ಎಲ್ಲ ಬರೆದಿಟ್ಟುಕೊಂಡೇ ಹಳೆಯ ತಂತಿಗೆ ಕೈ ಹಾಕುವುದು. ಪ್ರವಾಸವನ್ನೂ ಹಾಗೇ ಬರೆದೆ. ದಿನಕ್ಕೆ ನಾಲ್ಕು ಭಾಗ, ಆರು ದಿನಕ್ಕೆ ಇಪ್ಪತ್ತನಾಲ್ಕು ಸ್ಲಾಟು. ದೊಡ್ಡ ವೃತ್ತ ಎಳೆದು, ಒಂದೊಂದರಲ್ಲಿ ಊರಿನ ಹೆಸರು, ಬಸ್ಸಿನ ಹೊತ್ತು, ಇಳಿಯುವ ಜಾಗ. ಗೋಕಾಕ ಬಸ್ ಸ್ಟ್ಯಾಂಡಿಗೆ ನಾಲ್ಕು ಸಲ ಹೋಗಿ ಕಂಡಕ್ಟರುಗಳನ್ನು ಕೇಳಿ ಕೇಳಿ ಬರೆದದ್ದು. ಎರಡು ತಿಂಗಳು ಹಿಡಿಯಿತು. ಅದರಲ್ಲಿ ಆರು ಸ್ಲಾಟುಗಳನ್ನು ಬೇಕೆಂದೇ ಖಾಲಿ ಬಿಟ್ಟೆ. ಅವು ಗಂಗವ್ವ ಕೂರುವುದಕ್ಕೆ. ಸ್ಲಾಟಿನಲ್ಲಿ ತಂತಿಯನ್ನು ಗಿಡಿದು ತುಂಬಿದರೆ ಮೇಲಿನ ಲೇಪ ಕಿತ್ತುಹೋಗಿ ಮೋಟಾರು ಸುಡುತ್ತದೆ. ಇದನ್ನು ನಮ್ಮ ಕೆಲಸದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರುತ್ತಾರೆ. ಗಂಗವ್ವನ ತವರು ಹುಕ್ಕೇರಿ. ಅವಳ ಅಣ್ಣ ಹೈಸ್ಕೂಲಿನಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಮನೆಯಲ್ಲಿ, ಊರಲ್ಲಿ, ಎಲ್ಲರಿಗೂ ಅವರು ಮಾಸ್ತರರೇ. ಕರೆಯಲು ಬಂದು ಚಹಾ ಕುಡಿಯುತ್ತ ಕೂತಿದ್ದಾಗ ಗಂಗವ್ವ ಸಂತೋಷ ತಡೆಯಲಾರದೆ ಪ್ರವಾಸದ ಸುದ್ದಿ ಹೇಳಿದಳು.

ಸುದ್ದಿ ಹೇಳಿದವಳು ಅವಳು, ಆದರೆ ಪುಸ್ತಕ ತಂದು ಅವರ ಕೈಗೆ ಕೊಟ್ಟವನು ನಾನು. ಮಾಸ್ತರರ ಬಾಯಿಂದ ಒಂದು ಶಾಬಾಶ್ ಕೇಳಬೇಕಾಗಿತ್ತು ನನಗೆ. ಈ ತಪ್ಪಿಗೆ ನನ್ನ ಮೇಲೆ ನನಗಿರುವಷ್ಟು ಸಿಟ್ಟು ಅವರ ಮೇಲೂ ಇಲ್ಲ.

ಅವರು ಕನ್ನಡಕ ಏರಿಸಿ ನೋಡಿದರು. "ಇದೇನ್ರಿ ಶಿವಲಿಂಗಪ್ಪ, ಪ್ರವಾಸಾನೋ ಪಂಪ್‌ಸೆಟ್ಟೋ?" ಅಂತ ಹೊಟ್ಟೆ ಹಿಡಿದು ನಕ್ಕರು. "ಇಲ್ಲಿ ಆರು ಮನಿ ಖಾಲಿ ಬಿಟ್ಟೀರಿ?"

"ಅವು ಸುಮ್ಮನ ಕುಂಡ್ರಾಕ್ರಿ ಮಾಸ್ತರ."

"ಕುಂಡ್ರಾಕ? ನಿಮ್ಮ ಅಂಗಡ್ಯಾಗ ಸ್ಟೂಲ್ ಇಲ್ಲೇನು? ಕುಂಡ್ರಾಕ ಹಂಪಿಗೆ ಹೋಗಬೇಕೇನ್ರಿ?"

ಜೇಬಿನಿಂದ ಕೆಂಪು ಪೆನ್ನು ತೆಗೆದರು. ನಿವೃತ್ತರಾದರೂ ಕೆಂಪು ಪೆನ್ನು ಬಿಟ್ಟಿಲ್ಲ. ನನ್ನ ಎದುರಿಗೇ ಆರೂ ಸ್ಲಾಟು ತುಂಬಿದರು. ಎರಡು ಗುಡಿ, ಒಂದು ಡ್ಯಾಮು, ಒಂದು ಮಠ, ಒಂದು ಉದ್ಯಾನ. ಉಳಿದ ಒಂದರಲ್ಲಿ ಅವರ ಹಳೇ ವಿದ್ಯಾರ್ಥಿಯ ಮನೆಯಲ್ಲಿ ಊಟ. ಬಸ್ಸಿನ ಹೊತ್ತುಗಳ ಮೇಲೆಲ್ಲ ಅಡ್ಡಗೆರೆ. "ಬಸ್ ಗಿಸ್ ನಡಿಯಂಗಿಲ್ಲ. ಕ್ರೂಸರ್ ನಾ ಗೊತ್ತು ಮಾಡ್ತೀನಿ. ಮೂವತ್ತು ವರ್ಷ ಹುಡುಗೂರ್ನ ಟ್ರಿಪ್ಪಿಗೆ ಒಯ್ದಾಂವ ನಾ. ನಾನೂ ಬರ್ತೀನಿ, ನಿಮಗೇನು ಗೊತ್ತಾಗತೈತಿ ಅಲ್ಲೆ?"

ಬಾಯಿ ಬಿಟ್ಟು ಬೇಡ ಅನ್ನಬಹುದಿತ್ತು. ಆದರೆ ಪಂಚಮಿಗೆ ಕರೆಯಲು ಬಂದ ಬೀಗರ ಮುಂದೆ ಮುಖ ಕೆಡಿಸುವ ರೂಢಿ ನಮ್ಮಲ್ಲಿಲ್ಲ. ಇನ್ನೊಂದು ಮಾತು, ಬರೆಯಲು ನಾಚಿಕೆ: ಮಾಸ್ತರರ ಎದುರಿಗೆ ನಿಂತರೆ ನಾನು ಈಗಲೂ ಏಳನೇ ಇಯತ್ತೆಯ ಹುಡುಗನೇ. ಗೋಣು ಹಾಕಿದೆ. ಗಂಗವ್ವ ನನ್ನನ್ನು ನೋಡಿದಳು.

ಪಂಚಮಿ ಮುಗಿದ ವಾರಕ್ಕೆ ಕ್ರೂಸರ್ ಬಂತು. ಸೀಟು ಖಾಲಿ ಯಾಕೆ ಎಂದು ಮಾಸ್ತರರು ತಮ್ಮ ಹೆಂಡತಿಯನ್ನೂ, ತಮ್ಮ ಜೊತೆ ನಿವೃತ್ತರಾದ ಇಬ್ಬರು ಮಾಸ್ತರರನ್ನೂ ಕೂರಿಸಿಕೊಂಡಿದ್ದರು. ಅವರ ಕೊರಳಲ್ಲಿ ಸೀಟಿ. ಶಾಲೆಯ ಮೈದಾನದಲ್ಲಿ ಊದುವ ಅದೇ ಸೀಟಿ. ಮೊದಲು ಚೇಷ್ಟೆ ಅಂದುಕೊಂಡೆ. ಲೋಕಾಪುರದಲ್ಲಿ ಚಹಾಕ್ಕೆ ನಿಂತಾಗ ಖರೆಯೇ ಊದಿ, ನಮ್ಮ ಹೆಸರು ಕೂಗಿ ಹಾಜರಿ ತಗೊಂಡರು!

ಬಾದಾಮಿಯಲ್ಲಿ ಗುಹೆ ನೋಡಿ ಕೆಳಗಿಳಿದು, ಕೆರೆಯ ಮೆಟ್ಟಿಲಿಗೆ ಬಂದೆವು. ಸಣ್ಣ ಮಳೆ ನಿಂತು ಬಂಡೆಗಳೆಲ್ಲ ಕೆಂಪಗೆ ತೊಳೆದಿಟ್ಟಂತಿದ್ದವು. ಎದುರಿನ ದಂಡೆಯಲ್ಲಿ ಹೆಂಗಸರು ಬಟ್ಟೆ ಒಗೆಯುವ ಸಪ್ಪಳ ಈ ಬದಿಯ ಬಂಡೆಗೆ ಬಡಿದು ಎರಡು ಸಲ ಕೇಳುತ್ತಿತ್ತು. ಗಂಗವ್ವ ಚಪ್ಪಲಿ ಬಿಟ್ಟು ನೀರಿಗೆ ಕಾಲು ಇಳಿಬಿಟ್ಟು ಕೂತಳು. ನಾನು ಬಾಜೂಕ್ಕೆ ಕೂತೆ. ಐದು ನಿಮಿಷ ಆಗಿಲ್ಲ, ಸೀಟಿ.

"ಗಂಗೂ, ಏಳ! ಮುಂದ ಭಾಳ ಐತಿ!"

ದಂಡೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಒದ್ದೆ ಕಾಲಲ್ಲೇ ಚಪ್ಪಲಿ ಮೆಟ್ಟಿ ಎದ್ದಳು.

ಮರುದಿನ ಪಟ್ಟದಕಲ್ಲಿಗೆ ಇಪ್ಪತ್ತು ನಿಮಿಷ ಕೊಟ್ಟರು. ಅವರ ಹಳೇ ವಿದ್ಯಾರ್ಥಿಯ ಮನೆಯ ಹೋಳಿಗೆಗೆ ಮೂರು ತಾಸು. ನೂರಾರು ವರ್ಷದಿಂದ ನಿಂತ ಗುಡಿಗಳಿಗೆ ಇಪ್ಪತ್ತು ನಿಮಿಷ! ಆ ಇಬ್ಬರು ನಿವೃತ್ತ ಮಾಸ್ತರರು ಗಾಡಿಯಿಂದ ಇಳಿಯಲೇ ಇಲ್ಲ, ಒಳಗೇ ಗೊರಕೆ ಹೊಡೆದರು. ಮಾಸ್ತರರು ಮಾತ್ರ ತಾವು ಬರೆದುಕೊಂಡ ಪಟ್ಟಿಯಲ್ಲಿ ಪಟ್ಟದಕಲ್ಲಿನ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, "ಮುಗೀತು" ಅಂದರು.

ಮೂರನೇ ದಿನ ಹಂಪಿ. ದಾರಿಯ ಬದಿಯ ದೊಡ್ಡ ಬಂಡೆಯೊಂದರಲ್ಲಿ ಸಾಲಾಗಿ ಚೌಕ ತೂತುಗಳಿದ್ದವು. ಒಂದಕ್ಕೊಂದು ಅಳತೆ ಹಿಡಿದಂತೆ ಸಮ. ಕೈಕೆಲಸದವನಿಗೆ ಇಂಥದ್ದು ಕಂಡರೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬೆರಳು ಹಾಕಿ ನೋಡುತ್ತ ನಿಂತೆ. ಅಲ್ಲಿ ಬೇರೆ ತಂಡಕ್ಕೆ ಗೈಡ್ ಒಬ್ಬ ಹೇಳುತ್ತಿದ್ದ: ತೂತಿನಲ್ಲಿ ಕಟ್ಟಿಗೆಯ ಗೂಟ ಜಡಿದು ನೀರು ಹಾಕುತ್ತಿದ್ದರು, ಕಟ್ಟಿಗೆ ಉಬ್ಬಿ ಬಂಡೆ ಸೀಳುತ್ತಿತ್ತು ಅಂತ.

"ಗೂಟ ಪೂರಾ ಒಣಗಿದ್ದ ಇರಬೇಕಲ್ರಿ?" ಅಂತ ಕೇಳಿದೆ. "ಹಸೀದಿದ್ರ ಉಬ್ಬಂಗಿಲ್ಲ."

ಗೈಡಿಗೆ ಖುಷಿಯಾಯಿತು. "ಸರಿಯಾಗಿ ಹಿಡಿದ್ರಿ! ನೀವು ಕಲ್ಲಿನ ಕೆಲಸದವರಾ?"

ನಾನು ಉತ್ತರ ಕೊಡುವ ಮೊದಲೇ ಹಿಂದಿನಿಂದ ಸೀಟಿ. ಮಾಸ್ತರರು ನನ್ನ ಹೆಗಲ ಮೇಲೆ ಕೈ ಇಟ್ಟು ಗೈಡಿಗೆ ಅಂದರು: "ಇವರಿಗೇನು ಹೇಳ್ತೀರಿ ಬಿಡ್ರಿ. ನಮ್ಮ ತಂಗಿ ಗಂಡ, ಏಳನೇ ಇಯತ್ತೆ ನಪಾಸು. ಕಲ್ಲು ಒಡಿಯೂದು ಸಾಕು, ಗಾಡಿ ಹತ್ತಲಿ."

ಗುಂಪಿನಲ್ಲಿ ಯಾರೋ ನಕ್ಕರು.

"ನಾ ನಪಾಸಾಗಿಲ್ರಿ ಮಾಸ್ತರ."

"ಎರಡೂ ಒಂದ. ಅರ್ಧಕ್ಕ ಬಿಟ್ಟಾಂವ ಪಾಸ್ ಹೆಂಗಾಗ್ತಾನ?"

ಅವರ ಕೈಯನ್ನು ಹೆಗಲ ಮೇಲಿಂದ ತೆಗೆದೆ. "ನಿಮ್ಮ ತ್ವಾಟದ ಮೋಟಾರು ಮೂರು ಸಲ ಸುಟ್ಟೈತಿ. ಮೂರೂ ಸಲ ಪಾಸಾದವರ ಕಡೆ ಯಾಕ ಒಯ್ಯಲಿಲ್ಲ? ಹುಕ್ಕೇರಿಯಿಂದ ಮೂಡಲಗಿ ತನಕ ಹೊತ್ಕೊಂಡು ನನ್ನ ಕಡೆ ಯಾಕ ತಂದ್ರಿ?"

"ಏ, ಚ್ಯಾಷ್ಟಿ ಮಾಡಿದ್ನಿ, ಸಿಟ್ಟಿಗೇಳ್ತೀರೇನು?"

"ನೀವು ಮುಂದ ನಡೀರಿ. ನಾವು ಇಲ್ಲೇ ಉಳಿತೀವಿ."

ನಾವು ಅಂದುಬಿಟ್ಟೆ, ಆದರೆ ಗಂಗವ್ವನನ್ನು ಕೇಳಿರಲಿಲ್ಲ. ಅವಳು ನಾಲ್ಕು ಹೆಜ್ಜೆ ಆಚೆ ನಿಂತಿದ್ದಳು. ಮಾಸ್ತರರು ಅವಳ ಕಡೆ ತಿರುಗಿ, "ಗಂಗೂ, ನೀ ಗಾಡಿ ಹತ್ತ. ಸಿಟ್ಟು ಇಳಿದ ಮ್ಯಾಲೆ ಅವರು ಹಿಂದ ಬರ್ತಾರ," ಅಂದರು. ಅವಳು ಸುಮ್ಮನೆ ಹೋಗಿ ಗಾಡಿ ಹತ್ತಿದಳು. ಮೂವತ್ತು ಜನರ ಮುಂದೆ ನಪಾಸು ಅನ್ನಿಸಿಕೊಂಡದ್ದಕ್ಕಿಂತ ಆ ಅರ್ಧ ನಿಮಿಷ ಕೆಟ್ಟದ್ದಾಗಿತ್ತು.

ಗಾಡಿಯೊಳಗಿಂದ ನಮ್ಮ ಚೀಲ ಕೆಳಗೆ ಬಿತ್ತು. ಅದರ ಹಿಂದೆಯೇ ರೊಟ್ಟಿ ಗಂಟು. ಆಮೇಲೆ ಅವಳೂ ಇಳಿದಳು.

"ನೀ ಹೋಗು ಅಣ್ಣಾ," ಅಂದಳು. "ನಾ ಇನ್ನೂ ಎಲ್ಲೂ ಕುಂತಿಲ್ಲ."

ಮಾಸ್ತರರು ಗಾಡಿ ಹತ್ತಿ ಬಾಗಿಲು ಎಳೆದುಕೊಂಡರು. ಕ್ರೂಸರ್ ಹೊರಟುಹೋಯಿತು.

ಇನ್ನು ಎಲ್ಲ ಸರಿಹೋಯಿತು ಅಂದುಕೊಂಡೆ. ಗಾಡಿ ಮರೆಯಾದ ಮೇಲೆ ಅವಳು ನನ್ನ ಮೇಲೆ ಹಾಯ್ದಳು. "ಪುಸ್ತಕ ಯಾಕ ಕೊಟ್ರಿ ಅಂವಗ? ಶಾಬಾಶ್ ಅನಿಸ್ಕೊಬೇಕಾಗಿತ್ತೇನು? ನನ್ನ ಆರು ಮನಿ ಅವು. ಅಂವ ತುಂಬುವಾಗ ನೀವು ಹೂಂ ಅಂದ್ರಿ." ಸಂಜೆಯವರೆಗೆ ತುಂಗಭದ್ರೆಯ ದಂಡೆಯಲ್ಲಿ ಕೂತಳು. ನಾನು ಮೂರು ಮೆಟ್ಟಿಲು ಮೇಲೆ ಕೂತೆ. ಹತ್ತಿರ ಕರೆಯಲಿಲ್ಲ.

ಮುಂದಿನ ದಾರಿ ಚೀಲದಲ್ಲಿದ್ದ ನನ್ನ ಪುಸ್ತಕದ್ದು. ಕೆಂಪು ಗೆರೆಯ ಕೆಳಗೆ ನಾನು ಬರೆದ ಹೊತ್ತು ಕಾಣುತ್ತಿತ್ತು. ಹೊಸಪೇಟೆಯಿಂದ ಶಿವಮೊಗ್ಗ, ಅಲ್ಲಿಂದ ಸಾಗರ, ಅಲ್ಲಿಂದ ಜೋಗ. ಒಂದು ಬಸ್ಸು ಅರ್ಧ ತಾಸು ತಡವಾಯಿತು, ಉಳಿದವೆಲ್ಲ ನಾನು ಬರೆದ ಹೊತ್ತಿಗೆ ಬಂದವು. ಒಂದೊಂದು ಬಸ್ಸು ಬಂದು ನಿಂತಾಗಲೂ, ಆ ಹೊತ್ತಿನಲ್ಲಿ ಮಾಸ್ತರರು ಅಲ್ಲಿರಬೇಕಿತ್ತು ಅನ್ನಿಸುತ್ತಿತ್ತು.

ಜೋಗದಲ್ಲಿ ಬರೀ ಮಂಜು. ನೀರಿನ ಸದ್ದು ಕೇಳುತ್ತದೆ, ಒಂದು ಹನಿ ಕಾಣುವುದಿಲ್ಲ. ಚಹಾದಂಗಡಿಯವನು ಹೇಳಿದ: "ಮಧ್ಯಾಹ್ನದವರೆಗೂ ಹೀಗೇ ಸ್ವಾಮಿ, ಬೇರೆ ಏನಾದ್ರೂ ನೋಡ್ಕೊಂಡು ಬನ್ನಿ."

"ನಮಗೇನು ಅವಸರ ಐತ್ರಿ?" ಅಂದಳು ಗಂಗವ್ವ.

ಒಂದೇ ಛತ್ರಿಯ ಕೆಳಗೆ ಕೂತೆವು. ಗಾಡಿಗಳು ಬಂದವು, ಜನ ಮಂಜಿನ ಫೋಟೋ ಹೊಡೆದು ಹೋದರು. ರೊಟ್ಟಿ ಗಟ್ಟಿಯಾಗಿದ್ದವು, ಮುರಿದು ಶೇಂಗಾ ಚಟ್ನಿಯಲ್ಲಿ ತಿಂದೆವು. ಮೂರು ಗಂಟೆಯ ಸುಮಾರಿಗೆ ಮಂಜು ಎದ್ದಿತು. ನೀರೆಲ್ಲ ಒಮ್ಮೆಗೇ ಕಂಡಿತು. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು, ಮತ್ತೆ ಮುಚ್ಚಿತು. ಅವಳು ಏಳಲಿಲ್ಲ. ಕತ್ತಲಾಗುವ ತನಕ ಹಾಗೆ ನಾಲ್ಕು ಸಲ ತೆರೆಯಿತು, ನಾಲ್ಕೂ ಸಲ ನೋಡಿದೆವು.

ಮೂರನೇ ಸಲ ಮುಚ್ಚಿದಾಗ ಅವಳು, "ಅಂವ ಇನ್ನ ಪಂಚಮಿಗೆ ಬರೂದಿಲ್ಲ," ಅಂದಳು. ಅಳಲಿಲ್ಲ. ಗೊತ್ತಿದ್ದ ಮಾತನ್ನು ಹೇಳುವಂತೆ ಹೇಳಿದಳು. ಗಾಡಿಯಿಂದ ಇಳಿಯುವಾಗಲೇ ಅವಳಿಗೆ ಅದು ಗೊತ್ತಿತ್ತು. ನನಗೆ ಆಗ ಹೊಳೆಯಿತು.

ಅವಳು ಹೇಳಿದಂತೆಯೇ ಆಯಿತು. ಈ ವರ್ಷ ಪಂಚಮಿಗೆ ಉಂಡಿ ಕಟ್ಟಿ ಡಬ್ಬಿ ತುಂಬಿಟ್ಟು, ಮಧ್ಯಾಹ್ನದವರೆಗೆ ಬಾಗಿಲ ಕಡೆ ನೋಡಿದಳು. ಆಮೇಲೆ ಓಣಿಯ ಮನೆಮನೆಗೆ ಹಂಚಿದಳು. ನಾನೇ ಹುಕ್ಕೇರಿಗೆ ಹೋಗಿ ಮಾತಾಡಲೇ ಅಂತ ಕೇಳಿದೆ. "ನೀವ್ಯಾಕ ಹೋಗ್ತೀರಿ? ಅಂದಾಂವ ಬರಲಿ," ಅಂದಳು. ಅಷ್ಟು ಅಂದವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಸಿಟ್ಟು ಇಳಿಯಿತೇ ಅಂತ ಕೇಳುತ್ತಾರೆ. ಇಳಿದಿಲ್ಲ. ಒಂದು ಚೇಷ್ಟೆಯ ಮಾತು ಅಂತ ಬೀಗರು ಸಮಾಧಾನ ಹೇಳುತ್ತಾರೆ. ಅನ್ನಿಸಿಕೊಂಡವರು ಇವರಲ್ಲ. ಕಲಿಸಿದವರು ಕಲಿಯದವನನ್ನು ಹೀಗೆ ನಾಲ್ಕು ಜನರ ಮುಂದೆ ನಿಲ್ಲಿಸಿ ನಗುವುದಾದರೆ ಅವರು ಕಲಿಸಿದ್ದೇನು? ನಾನು ಕಲಿತದ್ದು ಒಂದೇ: ನನ್ನ ಕೆಲಸ ಸರಿ ಇದೆ ಅಂತ ಇನ್ನೊಬ್ಬರ ಬಾಯಿಂದ ಕೇಳುವ ಆಸೆ ಇಟ್ಟುಕೊಳ್ಳಬಾರದು. ಅದನ್ನು ನಾನು ಕಲಿತೆ, ಅದರ ಬೆಲೆ ಕೊಟ್ಟವಳು ಗಂಗವ್ವ.

ಈಗ ನನಗೆ ಇರುವುದು ಇಷ್ಟು. ಅಂಗಡಿ ಒಂದು. ಸುತ್ತುವ ಮಶೀನು ಎರಡು. ನನ್ನ ಕೈಯಲ್ಲಿ ಕಲಿತು ಸ್ವಂತ ಅಂಗಡಿ ಹಾಕಿದವರು ಐವರು. ಹೆಣ್ಣುಮಕ್ಕಳು ಇಬ್ಬರು, ಮೊಮ್ಮಗ ಒಬ್ಬ. ನೋಡಿದ ಊರು ನಾಲ್ಕು, ಅದರಲ್ಲಿ ಕೂತು ನೋಡಿದ್ದು ಎರಡು. ಹೆಂಡತಿ ಒಬ್ಬಳು, ಅವಳು ತವರಿಗೆ ಹೋಗದ ಪಂಚಮಿ ಒಂದು.